ಗಾಡಿಯಕ್ಕ ಟೈರು ಆರಿಸಿದ್ದು

ಅವಳನ್ನು ಎಲ್ಲರೂ ಗಾಡಿಯಕ್ಕ ಎಂದೇ ಕರೆಯುತ್ತಿದ್ದರು. ಗಂಡ ವೆಲ್ಡರ್. ಅಂಗಡಿಯಲ್ಲಿ ಕೂತು ಕಿಟಕಿ ಗ್ರಿಲ್ಲು ಮಾಡಿಕೊಡುವ ವೆಲ್ಡರ್ ಅಲ್ಲ, ಕಬ್ಬಿಣ ಎಲ್ಲಿ ಮುರಿಯಿತೋ ಅಲ್ಲಿಗೇ ಹೋಗಿ ಜೋಡಿಸಿ ಬರುವವನು. ಗುಡ್ಡದ ಮೇಲಿನ ಕ್ವಾರಿಯಲ್ಲಿ ಕಲ್ಲು ಅರೆಯುವ ಯಂತ್ರ ಬಾಯಿ ಬಿರಿದರೆ, ಸೇತುವೆ ಕೆಲಸದಲ್ಲಿ ಜೆಸಿಬಿಯ ತೋಳು ಕಿತ್ತುಬಂದರೆ ಅವನಿಗೇ ಫೋನು. ಅವನು ಸ್ಟಿಯರಿಂಗ್ ಮುಟ್ಟುವವನಲ್ಲ. ಕಿಡಿಗಳ ಮುಂದೆ ಗಂಟೆಗಟ್ಟಲೆ ಅಲುಗಾಡದೆ ಕೂರುವ ಆಸಾಮಿ ರಸ್ತೆಯಲ್ಲಿ ಎದುರಿಗೆ ಒಂದು ಲಾರಿ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಹಾಗಾಗಿ ಓಡಿಸುವುದು ಅವಳ ಪಾಲಿಗೆ ಬಂತು, ಹೆಸರೂ ಅವಳಿಗೆ ಅಂಟಿಕೊಂಡಿತು.

ಗಾಡಿ ಎಂದರೆ ಸಾಮಾನ್ಯದ್ದಲ್ಲ. ನಾಲ್ಕೂ ಚಕ್ರ ಎಳೆಯುವ ದೊಡ್ಡ ಪಿಕಪ್. ಹಿಂದೆ ಜನರೇಟರು, ವೆಲ್ಡಿಂಗ್ ಸೆಟ್ಟು, ಸರಪಳಿ ಬಿಗಿದ ಗ್ಯಾಸ್ ಸಿಲಿಂಡರುಗಳು, ಇಬ್ಬರು ಹಿಡಿದರೂ ಎತ್ತಲಾಗದ ಪೆಟ್ಟಿಗೆ ತುಂಬ ಸಾಮಾನು. ಆ ಗಾಡಿಗೆ ಖಾಲಿ ಓಡಾಡುವ ಭಾಗ್ಯವೇ ಇರಲಿಲ್ಲ. ಹೊರೆ ಇಳಿಸಿ ಹಗುರಾಗುವುದು ಲಾರಿಗಳಿಗೆ ಉಂಟು. ಇದು ಹೊತ್ತದ್ದನ್ನು ಹೊತ್ತುಕೊಂಡೇ ಹತ್ತಬೇಕು, ಹೊತ್ತುಕೊಂಡೇ ಇಳಿಯಬೇಕು.

ಅವಳಿಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ಉಗಿಯ ಹಾಗೆ ಬಂದು ಹೋಗುವ ಕೋಪ. ಬೈದು ಮುಗಿಸಿ ಅದೇ ಬಾಯಲ್ಲಿ "ಚಹಾ ಕುಡೀತೀರಾ?" ಎಂದು ಕೇಳುವ ಜಾತಿ. ಈಗ ಹೇಳಹೊರಟಿರುವುದು ಹಾಗೆ ಬಂದು ಹೋಗದ, ಬಂದು ಕೂತುಬಿಟ್ಟ ಕೋಪದ ಸಂಗತಿ.

ಕ್ವಾರಿಯಿಂದ ಇಳಿದು ಬರುವಾಗ, ತಿರುವಿನಲ್ಲಿ, ಹಿಂದಿನ ಟೈರು ಸಿಡಿಯಿತು. ಸಿಡಿಯಿತು ಎಂದರೆ ಪಂಕ್ಚರ್ ಆಗಿ ಕುಸಿದದ್ದಲ್ಲ. ಮೇಲಿನ ಹಲ್ಲುಗಳ ಪದರವೇ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಬಂದು, ಅಡಿಯಿಂದ ತಗಡಿಗೆ ಬಡಿಬಡಿದು, ಆಮೇಲೆ ಒಂದೇ ಸದ್ದು. ಗಾಡಿಯ ಹಿಂಭಾಗ ಅವಳ ಕೈ ಮೀರಿ ಓಡಿತು. ಎಷ್ಟು ತಿರುಗಿಸಿದರೂ ಕೇಳದೆ ರಸ್ತೆ ಬದಿಯ ಚರಂಡಿಗೆ ವಾಲಿಕೊಂಡಿತು. ವಾಲಿದ್ದು ಗಂಡ ಕೂತಿದ್ದ ಬದಿಗೆ. ಸಿಲಿಂಡರುಗಳ ಸರಪಳಿ ಹಿಡಿದದ್ದರಿಂದ ಇಬ್ಬರ ಜೀವ ಉಳಿಯಿತು. ಮುಂದಕ್ಕೆ ಊರಿ ತಡೆಯಹೋದ ಗಂಡನ ಬಲಗೈ ಮಾತ್ರ ಮೊಣಕೈಯಿಂದ ಕೆಳಗೆ ಮುರಿಯಿತು. ವೆಲ್ಡರನಿಗೆ ಬಲಗೈ ಎಂದರೆ ಏನು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆ ಹೊತ್ತಿನಲ್ಲಿ ಅವಳು ಬೈದದ್ದು ತನ್ನನ್ನೇ. ಜೋರಾಗಿ ಬಂದೆನೋ, ತಿರುವಿನಲ್ಲಿ ಬ್ರೇಕು ಒತ್ತಿದೆನೋ, ಕಲ್ಲು ಕಾಣಲಿಲ್ಲವೋ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಆ ತಿರುವನ್ನು ಮತ್ತೆ ಮತ್ತೆ ತಿರುಗಿದಳು. ಟೈರು ಹೊಸದು. ಹಾಕಿಸಿ ಇನ್ನೂ ವರ್ಷವಾಗಿಲ್ಲ. ಹಾಕಿದವನು ಬೇರೆ ಯಾರೂ ಅಲ್ಲ, ಒಡಹುಟ್ಟಿದ ತಮ್ಮ. ಅಂದಮೇಲೆ ತಪ್ಪು ತನ್ನದೇ ಇರಬೇಕಲ್ಲ.

ಮರುದಿನ ಚರಂಡಿಯಿಂದ ಗಾಡಿ ಎತ್ತಲು ಬಂದ ಕ್ರೇನಿನವನು ಹರಿದ ಟೈರನ್ನು ಕಾಲಿನಿಂದ ಹೊರಳಿಸಿ ನೋಡಿದ. ಬಗ್ಗಿ ಬೆರಳಿನಿಂದ ಏನನ್ನೋ ಒರೆಸಿದ.

"ಅಕ್ಕ, ಇದನ್ನ ಯಾವಾಗ ಹಾಕ್ಸಿದ್ದು?"

"ಹೋದ ವರ್ಷ. ಹೊಸದು."

"ಅಂಗಡಿಗೆ ಹೊಸದು ಇರ್ಬಹುದು. ಇಲ್ನೋಡಿ. ಈ ನಾಲ್ಕು ಅಂಕಿ ಇದೆಯಲ್ಲ, ಮೊದಲ್ನೇ ಎರಡಂಕಿ ವಾರ, ಕೊನೇ ಎರಡಂಕಿ ವರ್ಷ. ಫ್ಯಾಕ್ಟರೀಲಿ ಇದು ಹುಟ್ಟಿದ್ದು ಯಾವಾಗ ಅಂತ. ಇದು ಹುಟ್ಟಿ ಒಂಬತ್ತು ವರ್ಷ ಆಯ್ತು."

ಅವಳು ಬಗ್ಗಿ ನೋಡಿದಳು. ಅಂಗಡಿಯಲ್ಲಿ ಹಾಕಿಸುವಾಗ ಟೈರು ಕಡುಗಪ್ಪಾಗಿ, ಮುಖ ಕಾಣುವ ಹಾಗೆ ಹೊಳೆಯುತ್ತಿತ್ತು. ಈಗ ಆ ಪಾಲಿಶೆಲ್ಲ ಹೋಗಿ ಪಕ್ಕದ ಗೋಡೆಯ ತುಂಬ ಹಿಮ್ಮಡಿ ಒಡೆದಂಥ ಸಣ್ಣ ಸಣ್ಣ ಬಿರುಕು.

"ರಬ್ಬರ್ ಒಣಗಿಹೋಗಿದೆ," ಎಂದ ಕ್ರೇನಿನವನು. "ಇಷ್ಟು ಭಾರ ಹೊರೋ ಗಾಡಿಗೆ ಇದನ್ನ ಹಾಕಿದ್ದು ಯಾವ ಪುಣ್ಯಾತ್ಮ?"

ಅವಳು ಹರಿದ ಟೈರನ್ನು ಎಳೆದು ಗಾಡಿಯ ಹಿಂದಕ್ಕೆ ಹಾಕಿದಳು.

ಸಂಜೆ ಮನೆಗೆ ತಮ್ಮ ಬಂದ. ಹೊಟ್ಟೆ ಬೆಳೆದು, ತಲೆಯ ಮುಂಭಾಗ ಬೋಳಾಗಿ, ಪೇಟೆಯಲ್ಲಿ ಟೈರ್ ಸಾಹುಕಾರ ಎನಿಸಿಕೊಂಡಿದ್ದರೂ ಅವಳ ಬಾಯಲ್ಲಿ ಅವನು ಪುಟ್ಟನೇ. ಅಪ್ಪ ಬೇಗ ತೀರಿಕೊಂಡ ಮನೆ. ಅಮ್ಮ ಕೆಲಸಕ್ಕೆ ಹೋದರೆ ಇವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಅವನು ಬಾವನ ಪಕ್ಕ ಮಂಚದ ತುದಿಗೆ ಕೂತು, ಪ್ಲಾಸ್ಟರಿನ ಮೇಲೆ ಹೂವು ಮುಟ್ಟುವಂತೆ ಕೈಯಿಟ್ಟು, ಕಣ್ಣು ತುಂಬಿಕೊಂಡ.

"ಪುಟ್ಟ, ಆ ಟೈರು ಹಳೇದಂತೆ," ಎಂದಳು ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು.

"ಯಾರಂದ್ರು? ಅಯ್ಯೋ ಅಕ್ಕ, ನನಗೇನು ಗೊತ್ತು! ಹೋಲ್‌ಸೇಲ್‌ನೋರು ಕಳಿಸ್ತಾರೆ, ನಾನು ಇಳಿಸ್ಕೊಳ್ತೀನಿ. ಒಂದೊಂದು ಟೈರಿನ ಜಾತಕ ನೋಡ್ತಾ ಕೂತ್ರೆ ಅಂಗಡಿ ನಡೆಯುತ್ತಾ? ನಂಗೂ ಮೋಸ ಆಗಿದೆ."

ಅಷ್ಟು ಹೇಳಿ ಅತ್ತ. ಗಂಡನೇ ಎಡಗೈಯಿಂದ ಅವನ ಬೆನ್ನು ತಟ್ಟಿದ. ಅವಳೂ ಹೋಲ್‌ಸೇಲಿನವರಿಗೆ ಹಿಡಿ ಶಾಪ ಹಾಕಿ ಅವನನ್ನು ಊಟ ಮಾಡಿಸಿ ಕಳಿಸಿದಳು.

ಅವನು ಹೋದ ಮೇಲೆ ಪಾತ್ರೆ ತೊಳೆಯುತ್ತಿದ್ದವಳಿಗೆ ಏನೋ ಹೊಳೆದು ಕೈ ನಿಂತಿತು. ಟಾರ್ಚು ತೆಗೆದುಕೊಂಡು ಅಂಗಳಕ್ಕೆ ಹೋದಳು. ಸ್ಟೆಪ್ನಿ ಹಾಕಿ ತಂದು ನಿಲ್ಲಿಸಿದ್ದ ಗಾಡಿಯ ಉಳಿದ ಮೂರು ಟೈರುಗಳ ಹೊರಮೈಯನ್ನು ಅಂಗುಲ ಅಂಗುಲ ಹುಡುಕಿದಳು. ಕಂಪನಿಯ ಹೆಸರಿದೆ, ಸೈಜಿದೆ, ಎಷ್ಟು ಭಾರ ಹೊರಬಹುದು ಎಂಬುದೂ ಇದೆ. ನಾಲ್ಕಂಕಿಯಿಲ್ಲ. ನೆಲಕ್ಕೆ ಗೋಣಿಚೀಲ ಹಾಸಿ ಗಾಡಿಯ ಅಡಿಗೆ ಬೆನ್ನ ಮೇಲೆ ಜಾರಿದಳು. ಒಳಮೈಯಲ್ಲಿತ್ತು. ಮೂರಕ್ಕೆ ಮೂರೂ ಒಳಮೈಯಲ್ಲಿ. ಸಿಡಿದ ಟೈರಿನ ಅಂಕಿಯನ್ನೂ ಕ್ರೇನಿನವನು ಹೊರಳಿಸಿಯೇ ಅಲ್ಲವೇ ನೋಡಿದ್ದು?

ಆ ನಾಲ್ಕಂಕಿ ಟೈರಿನ ಒಂದೇ ಮಗ್ಗುಲಲ್ಲಿ ಇರುತ್ತದೆ. ಕಣ್ಣು ಮುಚ್ಚಿ ಹಾಕಿದ್ದರೆ ಒಂದು ಹೊರಗೆ, ಒಂದು ಒಳಗೆ ಬರಬೇಕಿತ್ತು. ನಾಲ್ಕೂ ಒಳಗೆ ಬಂದಿದೆ ಎಂದರೆ ಹಾಕಿದವನಿಗೆ ಆ ಅಂಕಿ ಏನು ಹೇಳುತ್ತದೆ ಎಂದು ಚೆನ್ನಾಗಿ ಗೊತ್ತಿತ್ತು. ಅದನ್ನು ಅಕ್ಕನ ಕಣ್ಣಿಗೆ ಬೀಳದಂತೆ ಒಳಕ್ಕೆ ತಿರುಗಿಸಿದ್ದ.

ಗಾಡಿಯ ಅಡಿಯಲ್ಲಿ ಮಲಗಿದ್ದವಳ ಮೈಯೆಲ್ಲ ಉರಿದುಹೋಯಿತು. ಈಗಷ್ಟೇ ಅವನಿಗೆ ಎರಡನೇ ಸಲ ಬಡಿಸಿದ ತನ್ನ ಕೈಯನ್ನೇ ಕಚ್ಚಿಕೊಳ್ಳುವಂತಾಯಿತು.

ಒಳಗೆ ಬಂದು ಗಂಡನಿಗೆ ಹೇಳಿದಳು. "ಹೋಗ್ಲಿ ಬಿಡೇ. ತಮ್ಮ ಅಲ್ವಾ," ಎಂದ ಅವನು.

"ಏನು ಹೋಗ್ಲಿ? ಎಲ್ಲಿಗೆ ಹೋಗ್ಲಿ? ನಿಮ್ಮ ಕೈ ಹೋಯ್ತಲ್ಲ, ಇನ್ನೇನು ಹೋಗ್ಬೇಕಿತ್ತು?"

"ಕೈ ಕೂಡ್ಕೊಳ್ಳುತ್ತೆ."

"ಕೂಡ್ಕೊಳ್ದೆ ಹೋಗಿದ್ರೆ? ಆ ಸರಪಳಿ ಕಿತ್ತುಹೋಗಿದ್ರೆ? ಆಗ ಯಾರು ಯಾರಿಗೆ ಹೋಗ್ಲಿ ಬಿಡು ಅಂತಿದ್ರು?"

ಗಂಡ ಗೋಡೆ ಕಡೆ ಹೊರಳಿದ. ಆ 'ಹೋಗ್ಲಿ ಬಿಡು' ಅವಳ ಹೊಟ್ಟೆಯೊಳಗಿನ ಬೆಂಕಿಗೆ ಎಣ್ಣೆ ಸುರಿಯಿತು. ಬೆಳಗಾಗುವಷ್ಟರಲ್ಲಿ ಅಮ್ಮನ ಫೋನು. ಅಮ್ಮ ಇರುವುದು ತಮ್ಮನ ಜೊತೆ, ಅಂಗಡಿಯ ಮೇಲಿನ ಮನೆಯಲ್ಲಿ. "ಟೈರಿನ ವಿಷಯ ಪುಟ್ಟ ಹೇಳ್ದ. ನಿನ್ನ ಧ್ವನಿ ಕೇಳಿದ್ರೇ ಗೊತ್ತಾಗ್ತಿದೆ, ಏನೋ ಮನಸ್ಸಲ್ಲಿ ಇಟ್ಕೊಂಡಿದ್ದೀಯ. ಚಿಕ್ಕೋನು ಕಣೆ ಅವ್ನು. ಅಂಗಡಿ ಬಿಟ್ರೆ ಗತಿ ಇಲ್ಲ. ನಾಲ್ಕು ಜನರ ಮುಂದೆ ಬಾಯಿ ಬಿಡ್ಬೇಡ."

"ಚಿಕ್ಕೋನಾ? ಅವನ ತಲೇಲಿ ಕೂದಲಿಲ್ಲ, ಅಮ್ಮ!" ಎಂದು ಫೋನು ಕುಕ್ಕಿದಳು.

ಕೆಲಸ ನಿಲ್ಲಿಸುವಂತಿರಲಿಲ್ಲ. ಗಂಡನ ಕೈ ಕೂಡುವವರೆಗೆ ಅವನ ಹಳೆಯ ಜೊತೆಗಾರನೊಬ್ಬ ವೆಲ್ಡಿಂಗಿಗೆ ಬರಲು ಒಪ್ಪಿದ್ದ. ಆದರೆ ಗಾಡಿಗೆ ಟೈರು ಬೇಕು. ಅದೂ ಒಂದಲ್ಲ. ನಾಲ್ಕೂ ಚಕ್ರ ಎಳೆಯುವ ಗಾಡಿಗೆ ಒಂದು ಹೊಸದು, ಮೂರು ಸವೆದದ್ದು ಹಾಕಿದರೆ ಒಂದೊಂದು ಚಕ್ರ ಒಂದೊಂದು ಲೆಕ್ಕದಲ್ಲಿ ಸುತ್ತಿ ಒಳಗಿನ ಗೇರುಗಳು ಪುಡಿಯಾಗುತ್ತವೆ. ನಾಲ್ಕೂ ಒಟ್ಟಿಗೆ ಬದಲಾಗಬೇಕು. ಗಾಡಿಯ ಹೊರೆಯನ್ನೆಲ್ಲ ಇಳಿಸಿ, ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆಮೆಯಂತೆ ತೆವಳಿಸಿ ತಮ್ಮನ ಬೀದಿಯ ಆಚೆಯ ದೊಡ್ಡ ಟೈರಂಗಡಿಗೆ ಹೋದಳು.

ದೊಡ್ಡಂಗಡಿಯ ಯಜಮಾನ ನಗುತ್ತ ಬಂದು ಅವಳನ್ನು ದಾಟಿ, ಮುರಿದ ಕೈಯನ್ನು ಕೊರಳಿಂದ ಜೋಳಿಗೆ ಕಟ್ಟಿಕೊಂಡು ನಿಂತಿದ್ದ ಗಂಡನ ಮುಂದೆ ನಿಂತ.

"ಬನ್ನಿ ಸಾರ್. ಗಾಡಿ ಗಟ್ಟಿಯಾಗಿದೆ. ಯಾವ ಥರದ್ದು ನೋಡ್ತಿದ್ದೀರಿ?"

ಗಂಡ ಗದ್ದದಿಂದ ಅವಳ ಕಡೆ ತೋರಿಸಿದ. "ಓಡ್ಸೋದು ಅವಳು. ಟೈರಿನ ಮಾತು ಅವಳ ಹತ್ರ ಆಡಿ. ನಾನು ಬರೀ ಲಗೇಜು."

ಯಜಮಾನ ಪೆಚ್ಚಾದರೂ ಸಾವರಿಸಿಕೊಂಡು ಬಾಗಿಲಲ್ಲೇ ಜೋಡಿಸಿಟ್ಟಿದ್ದ ರಾಕ್ಷಸ ಟೈರೊಂದರ ಮೇಲೆ ಕೈಯಿಟ್ಟ. ಕೆಸರಿಗೆಂದೇ ಮಾಡಿದ್ದು. ಒಂದೊಂದು ಹಲ್ಲೂ ಇಟ್ಟಿಗೆಯಷ್ಟು. ನಡುನಡುವೆ ಬೆರಳು ತೂರುವಂಥ ಸಂದು.

"ಇದನ್ನ ಹಾಕಿ ಮೇಡಂ, ನಿಮ್ಮ ಗಾಡಿ ನೋಡಿದೋರು ದಾರಿ ಬಿಡ್ತಾರೆ."

"ನನಗೆ ಯಾರೂ ದಾರಿ ಬಿಡೋದು ಬೇಡ. ನಾನು ಹೋಗೋದು ಕ್ವಾರಿಗೆ. ಕೆಸರಿಲ್ಲ, ಕಲ್ಲಿದೆ. ಅರೆದು ಹಾಕಿರೋ ಚೂಪು ಜಲ್ಲಿ. ಈ ಸಂದಿಯೊಳಗೆ ಜಲ್ಲಿ ಸಿಕ್ಕಿಕೊಂಡ್ರೆ?"

"ಅದು... ಆವಾಗಾವಾಗ ತೆಗೀಬೇಕು."

"ಯಾರು, ನೀವು ಬಂದು ತೆಗೀತೀರಾ? ತೆಗೀದಿದ್ರೆ ಚಕ್ರ ಸುತ್ತಿದ ಹಾಗೆಲ್ಲ ಒಳಗೆ ಕೊರೆಯುತ್ತಲ್ಲ. ಅರ್ಧ ದಾರಿ ಡಾಂಬರೂ ಇದೆ. ಇದು ಡಾಂಬರಿನ ಮೇಲೆ ಎಷ್ಟು ದಿನ ಬಾಳುತ್ತೆ? ನಿಜ ಹೇಳಿ."

ಯಜಮಾನ ನಿಜವನ್ನು ತಡವರಿಸುತ್ತ ಹೇಳಿದ: ಬೇಗ ಸವೆಯುತ್ತದೆ. ಒಳಗಿನ ಸಾಲಿಗೆ ಕರೆದೊಯ್ದು ಕಾರಿನ ಟೈರಿನಂತೆ ನುಣ್ಣಗಿದ್ದ ಇನ್ನೊಂದನ್ನು ತೋರಿಸಿದ. ರಸ್ತೆಯಲ್ಲಿ ಸದ್ದಿಲ್ಲ, ಡೀಸೆಲ್ ಉಳಿಯುತ್ತದೆ. ಅವಳು ಅದರ ಪಕ್ಕದ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿದಳು. ಮೆತ್ತಗೆ ಒಳಗೆ ಹೋಯಿತು. "ಇದಕ್ಕೆ ಜಲ್ಲಿ ಬೇಡ, ಬೈಗುಳ ತಾಗಿದ್ರೂ ಹರಿಯುತ್ತೆ," ಎಂದಳು. ಗಂಡ ಮೂಲೆಯಲ್ಲಿ ನಕ್ಕ. ಅವಳು ನಗಲಿಲ್ಲ.

ಒಂದು ಗಂಟೆ ಹೀಗೇ ನಡೆಯಿತು. ಅವಳಿಗೆ ಎಲ್ಲ ಗೊತ್ತಿತ್ತು ಎಂದಲ್ಲ. ಮುಕ್ಕಾಲು ಪಾಲು ಗೊತ್ತಿರಲಿಲ್ಲ, ಅದಕ್ಕೇ ಅಷ್ಟು ಕೋಪ. ಇಷ್ಟು ವರ್ಷ ಗಾಡಿ ಓಡಿಸಿಯೂ ಟೈರಿನ ಮೈಮೇಲಿನ ಒಂದಕ್ಷರ ಓದಿರಲಿಲ್ಲ. ತಮ್ಮ ಓದುತ್ತಾನೆ ಎಂದು ಬಿಟ್ಟಿದ್ದಳು. ಈಗ ಒಂದೊಂದನ್ನೂ ಕೇಳಿದಳು. ಕೇಳಿದ್ದನ್ನೇ ಮತ್ತೆ ಕೇಳಿದಳು. ಭಾರ ಹೊರುವ ದರ್ಜೆ ಎಂದರೇನು? ಹತ್ತು ಪದರದ ಬಲ ಎಂದರೆ ನಿಜಕ್ಕೂ ಹತ್ತು ಪದರವೇ? ಅಲ್ಲ, ಅಷ್ಟರ ಗಟ್ಟಿತನ ಎಂದ ಯಜಮಾನ. ಕಾರಿನ ದರ್ಜೆಯದೂ ಇದೇ ಸೈಜಿನಲ್ಲಿ ಬರುತ್ತದಲ್ಲ, ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ತೋರಿಸಿದ. ಕೊನೆಗೆ ಅವಳು ನಿಂತದ್ದು ನೋಟಕ್ಕೆ ಏನೇನೂ ಅಲ್ಲದ ಒಂದು ಟೈರಿನ ಮುಂದೆ. ಹಲ್ಲುಗಳು ಒತ್ತೊತ್ತಾಗಿ, ಸಂದಿನ ತಳದಲ್ಲಿ ಕಲ್ಲನ್ನು ಹೊರದೂಡುವ ಸಣ್ಣ ದಿಣ್ಣೆಗಳು; ಹಲ್ಲಿನ ಅಂಚು ಪಕ್ಕದ ಗೋಡೆಯ ಮೇಲೂ ಇಳಿದು ಬಂದು ಗುರಾಣಿಯ ಹಾಗೆ ಕೂತಿತ್ತು; ಗೋಡೆ ಒತ್ತಿದರೆ ಹೆಬ್ಬೆರಳೇ ನೋಯಿತು.

"ಸದ್ದು ಜಾಸ್ತಿ ಮೇಡಂ. ಖಾಲಿ ಗಾಡೀಲಿ ಮೈಕೈ ಕುಲುಕಾಡುತ್ತೆ."

"ನನ್ನ ಗಾಡಿ ಖಾಲಿ ಇರಲ್ಲ. ಇದೇ ಕೊಡಿ. ನಂಬರ್ ಕಾಣೋ ಮಗ್ಗುಲು ಹೊರಗೆ ಬರ್ಬೇಕು, ನಾಲ್ಕೂ."

ಯಜಮಾನನ ಕಣ್ಣು ಅರಳಿತು. "ಓಹೋ! ಮೊದಲು ಆಚೆ ಬೀದಿ ಅಂಗಡೀಲಿ ಹಾಕ್ಸಿದ್ರಾ? ಆ ಸಾಹುಕಾರನ ಕೆಲಸಾನೇ ಅಷ್ಟು. ಕಳ್ಳನನ್ಮಗ..."

"ಬಾಯಿ ಮುಚ್ರೀ!" ಅಂಗಡಿಯ ತಗಡಿನ ಸೂರು ಅದುರಿತು. "ಅವನು ನನ್ನ ತಮ್ಮ. ಅವನನ್ನ ಬೈಯೋಕೆ ನಾನಿದ್ದೀನಿ. ನೀವು ಟೈರ್ ಹಾಕಿ."

ಯಜಮಾನ ಜಾಕಿ ತಂದ. ಆ ಮಾತು ತನ್ನ ಬಾಯಿಂದ ಹೇಗೆ ಬಂತು ಎಂದು ಅವಳಿಗೇ ತಿಳಿಯಲಿಲ್ಲ. ತಿಳಿಯದೆ ಇನ್ನಷ್ಟು ಸಿಟ್ಟು ಬಂತು.

ಹೊಸ ಟೈರು ಹಾಕಿಸಿ, ಹಳೆಯ ಮೂರನ್ನೂ ಹಿಂದೆ ಎಸೆದುಕೊಂಡು ಮನೆಗೆ ಬಂದವಳು ಅಲ್ಲಿ ನಿಲ್ಲಲಿಲ್ಲ. ಗಂಡನನ್ನು ಇಳಿಸಿ, ಸಿಡಿದ ಟೈರನ್ನೂ, ಮರುದಿನದ ಕೆಲಸಕ್ಕೆ ಬೇಕಾದ ಜನರೇಟರನ್ನೂ ಕಬ್ಬಿಣ ಕೊಯ್ಯುವ ಗ್ರೈಂಡರನ್ನೂ ಏರಿಸಿಕೊಂಡು ನೇರ ತಮ್ಮನ ಅಂಗಡಿಗೆ ಹೋದಳು. "ಏನ್ಮಾಡ್ತೀಯ?" ಎಂದು ಗಂಡ ಕೇಳಿದ್ದಕ್ಕೆ "ಗೊತ್ತಿಲ್ಲ" ಎಂದಿದ್ದಳು. ಅದು ನಿಜವೇ ಆಗಿತ್ತು. ಆ ನಾಲ್ಕನ್ನು ಅವನ ಬಾಗಿಲಿಗೆ ಬಿಸಾಕಿ, ಮುಖಕ್ಕೆ ಉಗಿದು ಬರಬೇಕು ಎಂದಷ್ಟೇ ಅವಳ ಮನಸ್ಸಿನಲ್ಲಿದ್ದದ್ದು.

ಅಲ್ಲಿ ಒಂದು ತರಕಾರಿ ವ್ಯಾನು ಜಾಕಿಯ ಮೇಲೆ ನಿಂತಿತ್ತು. ತಮ್ಮನ ಶಾಲೆಯ ದಿನಗಳ ಗೆಳೆಯನ ವ್ಯಾನು. ಗೆಳೆಯ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ತಮ್ಮ ಬಟ್ಟೆಯ ತುಂಡಿಗೆ ಪಾಲಿಶ್ ಅದ್ದಿ ಟೈರಿಗೆ ತಿಕ್ಕುತ್ತಿದ್ದ. ಟೈರು ಮಿರಮಿರ ಮಿಂಚುತ್ತಿತ್ತು.

ಅವಳು ಇಳಿದವಳೇ ಹೋಗಿ ಆ ಟೈರನ್ನು ಮಗ್ಗುಲು ಬದಲಿಸಿ ನೆಲಕ್ಕೆ ಕೆಡವಿದಳು. ನಾಲ್ಕಂಕಿ ಬಾನ ಕಡೆ ಮುಖ ಮಾಡಿತು. ಅವಳದಕ್ಕಿಂತ ಒಂದು ವರ್ಷ ಹಳೆಯದು.

"ಅಕ್ಕ, ಏನಿದು? ಒಳಗೆ ಬಾ, ಕೂತು ಮಾತಾಡೋಣ," ಎಂದ ತಮ್ಮ ತಗ್ಗಿದ ದನಿಯಲ್ಲಿ.

"ನಂಗೊತ್ತಿಲ್ಲ ಅಂದ್ಯಲ್ಲೋ. ನನ್ನ ಮನೇಲಿ ಕೂತು, ನಾನು ಬಡಿಸಿದ್ದನ್ನ ತಿಂದು, ನಂಗೂ ಮೋಸ ಆಯ್ತು ಅಂತ ಅತ್ಯಲ್ಲೋ!"

"ಮೆಲ್ಲಗೆ, ಅಕ್ಕ. ಜನ ನೋಡ್ತಿದ್ದಾರೆ. ಮರ್ಯಾದೆ..."

"ನಾಲ್ಕೂ ನಂಬರ್ ಒಳಗೆ ತಿರುಗ್ಸಿದ್ದೆ. ನಾಲ್ಕೂ! ನಿನ್ನ ಕೈ ನಡುಗ್ಲಿಲ್ವಾ?"

ವ್ಯಾನಿನ ಗೆಳೆಯ ಲೋಟ ಕೆಳಗಿಟ್ಟು ಎದ್ದ. ಮೇಲಿನ ಕಿಟಕಿಯಿಂದ ಅಮ್ಮ ಇಣುಕಿ, "ಬೀದೀಲಿ ಏನೇ ಇದು, ಹೆಣ್ಣಾಗಿ!" ಎಂದು ಕೂಗಿದಳು. ಯಾರೂ ಮೇಲೆ ನೋಡಲಿಲ್ಲ.

ತಮ್ಮನ ಮುಖದಲ್ಲಿ ಬಣ್ಣಗಳು ಬಂದು ಹೋದವು. ಸುಳ್ಳಿಗಾಗಿ ಸುತ್ತ ಹುಡುಕಿದ. ಸಿಗಲಿಲ್ಲ.

"ಹೋಲ್‌ಸೇಲ್‌ನೋರು ತಲೆಗೆ ಕಟ್ಟಿದ್ರು ಅಕ್ಕ. ಹಳೇ ಸ್ಟಾಕ್ ಎತ್ತದಿದ್ರೆ ಹೊಸ ಮಾಲು ಕೊಡಲ್ಲ ಅಂದ್ರು. ಎಲ್ಲಾದ್ರೂ ಖಾಲಿ ಮಾಡ್ಬೇಕಿತ್ತು. ಬೇರೆಯೋರು ನಂಬರ್ ನೋಡ್ತಾರೆ, ಜಗಳಕ್ಕೆ ಬರ್ತಾರೆ. ನಮ್ಮೋರು ನೋಡಲ್ಲ." ನೆಲ ನೋಡುತ್ತ ಸೇರಿಸಿದ: "ನೀನಂತೂ ನೋಡಲ್ಲ ಅಂತ ಗೊತ್ತಿತ್ತು."

ಅಲ್ಲಿಯವರೆಗೆ ಅವಳು ಕೂಗುತ್ತಿದ್ದಳು. ಆ ಮಾತು ಕೇಳಿದ ಮೇಲೆ ಕೂಗು ನಿಂತಿತು. ಮೋಸ ಮಾಡುವವನು ಗುರುತಿಲ್ಲದವರನ್ನು ಹುಡುಕುತ್ತಾನೆ ಎಂದು ಅವಳು ತಿಳಿದಿದ್ದಳು. ಇವನು ಯಾರು ತನ್ನನ್ನು ನಂಬುತ್ತಾರೋ ಅವರನ್ನು ಒಬ್ಬೊಬ್ಬರಾಗಿ ಆರಿಸಿಕೊಂಡಿದ್ದ. ಸ್ಟೂಲಿನ ಪಕ್ಕ ನಿಂತ ಗೆಳೆಯನ ಮುಖ ಕೂಡ ಬಿಳಿಚಿಕೊಂಡಿತು. ಅವನ ವ್ಯಾನಿನಲ್ಲಿ ಬೆಳಗಿನ ಹೊತ್ತು ಹೆಂಡತಿ, ಮಕ್ಕಳು ಕೂರುತ್ತಿದ್ದರು.

ಅವಳು ಗಾಡಿಯ ಹತ್ತಿರ ಹೋಗಿ ಜನರೇಟರ್ ಚಾಲೂ ಮಾಡಿದಳು. ಗ್ರೈಂಡರಿಗೆ ಕತ್ತರಿಸುವ ಬಿಲ್ಲೆ ಹಾಕಿ ಬಿಗಿದಳು, ಕನ್ನಡಕ ಏರಿಸಿದಳು. ತನ್ನ ಹಳೆಯ ಟೈರೊಂದನ್ನು ಎಳೆದು ನೆಲಕ್ಕೆ ಹಾಕಿ, ಕಾಲಿನಿಂದ ಒತ್ತಿ ಹಿಡಿದು, ಅಡ್ಡಕ್ಕೆ ಕೊಯ್ದಳು. ಸುಟ್ಟ ರಬ್ಬರಿನ ಹೊಗೆ ಬೀದಿ ತುಂಬಿತು. ಅಂಚಿನೊಳಗಿನ ಉಕ್ಕಿನ ತಂತಿಗೆ ಬಿಲ್ಲೆ ತಾಗಿದಾಗ ಕಿಡಿಗಳು ಹಾರಿದವು. ಒಂದು ಕೊಯ್ದು ಮುಗಿಸಿ, ಗ್ರೈಂಡರ್ ನಿಲ್ಲಿಸಿ, ತಮ್ಮನ ಕಡೆ ಚಾಚಿದಳು.

"ಉಳಿದದ್ದು ನೀನು. ಇವೂ, ಒಳಗೆ ಇರೋವೂ. ಒಂದೂ ಉಳೀಬಾರ್ದು."

"ಅಕ್ಕ, ನಾನು ಮುಳುಗಿಹೋಗ್ತೀನಿ."

"ಮುಳುಗು. ಈಜು ಕಲಿಸ್ತೀನಿ. ಹಿಡಿ."

ಅವನು ಕೈ ಚಾಚಲಿಲ್ಲ. ಆಗ ವ್ಯಾನಿನ ಗೆಳೆಯ ಅಂಗಡಿಯೊಳಗೆ ಹೋಗಿ, ಮಿಂಚುವ ಟೈರುಗಳನ್ನು ಒಂದೊಂದಾಗಿ ಉರುಳಿಸಿ ತಂದು ಅವನ ಮುಂದೆ ಕೆಡವತೊಡಗಿದ. ಪ್ರತಿಯೊಂದರ ನಂಬರನ್ನೂ ಮೇಲೆ ಬರುವಂತೆ ಇಡುತ್ತಿದ್ದ. ಬೀದಿಯ ಜನ ಬಗ್ಗಿ ಓದತೊಡಗಿದರು. ತಮ್ಮ ಅವರ ಮುಖ ನೋಡಿದ, ಮೇಲಿನ ಕಿಟಕಿ ನೋಡಿದ. ಆಮೇಲೆ ಗ್ರೈಂಡರ್ ಹಿಡಿದ. ಅವನಿಗೆ ಅದನ್ನು ಹಿಡಿಯಲೂ ಬರುತ್ತಿರಲಿಲ್ಲ. ಅವಳು ತನ್ನ ಕನ್ನಡಕ ಕಳಚಿ ಅವನ ಕಣ್ಣಿಗೆ ಒರಟಾಗಿ ಹಾಕಿ, "ಎರಡೂ ಕೈಲಿ ಹಿಡಿ, ಕತ್ತೆ. ಬೆರಳು ಹೋದೀತು," ಎಂದು ಗದರಿದಳು.

ಹೊತ್ತು ಇಳಿಯುವವರೆಗೆ ಅವನು ಕೊಯ್ದ. ಅವಳು ಕೈಕಟ್ಟಿ ನಿಂತು ನೋಡಿದಳು. ಕೊನೆಯದು ಮುಗಿದಾಗ ಅವನ ಮುಖ ಕಪ್ಪು ಮಸಿ, ಅದರ ಮೇಲೆ ಬೆವರೋ ಕಣ್ಣೀರೋ ಇಳಿದ ಗೆರೆಗಳು. ಅವಳಿಗೆ ಸಮಾಧಾನವಾಗುತ್ತದೆ ಅಂದುಕೊಂಡಿದ್ದಳು. ಆಗಲಿಲ್ಲ. ಕನ್ನಡಕ, ಗ್ರೈಂಡರ್ ಎತ್ತಿಕೊಂಡು ಹೊರಟಳು.

ಅಂಗಡಿ ಮುಳುಗಲಿಲ್ಲ. ಕೆಲವು ತಿಂಗಳು ಅರ್ಧ ಬಾಗಿಲು ಮುಚ್ಚಿ, ಪಂಕ್ಚರ್ ಹಾಕುತ್ತ ತಮ್ಮ ಹೇಗೋ ತೇಲಿಕೊಂಡ. ವ್ಯಾನಿನ ಗೆಳೆಯ ಅವನ ಅಂಗಡಿಯ ಮೆಟ್ಟಿಲು ಮತ್ತೆ ಹತ್ತಲಿಲ್ಲ. ಗಂಡನ ಕೈ ಕೂಡಿತು, ಆದರೆ ಕೊಂಚ ಸೊಟ್ಟಗೆ. ತಲೆಯ ಮೇಲೆ ಕೈಯೆತ್ತಿ ಮಾಡುವ ವೆಲ್ಡಿಂಗ್ ಈಗ ಅವನಿಂದಾಗುವುದಿಲ್ಲ. ಅಂಥ ಕೆಲಸ ಬಂದಾಗ ಅವನು ಕೆಳಗೆ ನಿಂತು ಜೊತೆಗಾರನಿಗೆ ಹೇಳಿಕೊಡುತ್ತಾನೆ. ಪ್ರತಿ ಸಲವೂ ಅವಳು ಗಾಡಿಯಲ್ಲಿ ಕೂತು ಬೇರೆ ಕಡೆ ನೋಡುತ್ತಾಳೆ.

ಹೊಸ ಟೈರುಗಳು ಡಾಂಬರಿನ ಮೇಲೆ ದುಂಬಿಯ ಹಿಂಡಿನಂತೆ ಗುಂಯ್‌ಗುಡುತ್ತವೆ. ಮಾತಾಡಬೇಕಾದರೆ ಕಿರುಚಬೇಕು. ಕ್ವಾರಿಯ ಜಲ್ಲಿಯ ಮೇಲೆ ಮಾತ್ರ ಅವು ಮಿಸುಕುವುದಿಲ್ಲ. ಒಂದು ಕೂಡ ಈವರೆಗೆ ಕೈಕೊಟ್ಟಿಲ್ಲ.

ಅಮ್ಮನಿಗೆ ಕಾಯಿಲೆಯಾದಾಗ ಅವಳು ತಮ್ಮನ ಮನೆಗೆ ಹೋಗಿ ಬಂದಳು. ಅವನು ಚಹಾ ತಂದಿಟ್ಟ. ಕುಡಿದಳು. ಹೊರಡುವಾಗ ಅವನು ಹಿಂದೆಯೇ ಇಳಿದು ಬಂದು, "ಅಕ್ಕ, ಗಾಳಿ ನೋಡ್ಲಾ?" ಎಂದ. ಅವಳು ಬೇಡ ಎನ್ನಲಿಲ್ಲ. ಅವನು ಕುಕ್ಕರುಗಾಲಲ್ಲಿ ಕೂತು ಮೀಟರು ಒತ್ತಿ, ಬಂದದ್ದನ್ನು ಓದಿ ಹೇಳಿದ. ಸರಿಯಾಗೇ ಇತ್ತು.

ಅವಳು ಕೈ ಚಾಚಿದಳು. "ಮೀಟರ್ ಕೊಡು ಇಲ್ಲಿ. ನಾನೇ ನೋಡ್ತೀನಿ."